ಕೆರೆಗೆ ನೀರು, ರಾಕೆಟ್ಟಿಗೆ ರೊಕ್ಕ: ನಾವು ಕೇಳಬೇಕಾದ ಪ್ರಶ್ನೆ ಯಾವುದು?



ಕಳೆದ ತಿಂಗಳು, ಸಂಕ್ರಮಣದ ವಾರದಲ್ಲಿ, ಜನವರಿ 12ರ ಬೆಳಿಗ್ಗೆ ಶ್ರೀಹರಿಕೋಟಾದಿಂದ ಹಾರಿದ ಪಿಎಸ್‌ಎಲ್‌ವಿ-ಸಿ62 ರಾಕೆಟ್ ದಾರಿ ತಪ್ಪಿತು. ಅದರಲ್ಲಿದ್ದ ಇಒಎಸ್-ಎನ್1 ಎಂಬ ಭೂವೀಕ್ಷಣಾ ಉಪಗ್ರಹವೂ, ಜೊತೆಗಿದ್ದ 15 ಸಣ್ಣ ಉಪಗ್ರಹಗಳೂ ಉದ್ದೇಶಿತ ಕಕ್ಷೆಗೆ ಸೇರಲಿಲ್ಲ. ಮರುದಿನ ಜತ್ತದ ಬಸ್ ಸ್ಟ್ಯಾಂಡ್ ಹತ್ತಿರ ಚಹಾ ಕುಡಿಯುತ್ತ ನಿಂತಾಗ ಪೂರ್ವ ಭಾಗದ ಹಳ್ಳಿಯ ನಮ್ಮ ಒಬ್ಬ ತರುಣ ಸದಸ್ಯ, ದ್ರಾಕ್ಷಿ ತೋಟದವನು, ನನ್ನನ್ನು ಹಿಡಿದು ನಿಲ್ಲಿಸಿದ.

"ಕಾಕಾ, ನಮ್ಮ ಕೆರಿಗಿ ನೀರ ಬಿಡ್ರಿ ಅಂದ್ರ ರೊಕ್ಕ ಇಲ್ಲ ಅಂತಾರ. ಸಮುದ್ರದಾಗ ರಾಕೆಟ್ ಮುಳುಗಸಾಕ ರೊಕ್ಕ ಎಲ್ಲಿಂದ ಬರ್ತದ್ರಿ?"

ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಆ ಮಾತು ಬಿಡಲಿಲ್ಲ. ಇದು ಅವನೊಬ್ಬನ ಪ್ರಶ್ನೆಯಲ್ಲ. ದೆಹಲಿಯಲ್ಲಿ, ವಾಷಿಂಗ್ಟನ್ನಿನಲ್ಲಿ, ಎಲ್ಲ ಕಡೆ ಇದೇ ಪ್ರಶ್ನೆ ಬೇರೆ ಬೇರೆ ಭಾಷೆಯಲ್ಲಿ ಎದ್ದಿದೆ. ಜೀವಮಾನವೆಲ್ಲ ಸರಕಾರಿ ಕಚೇರಿಯಲ್ಲಿ ಕಾರಕೂನನಾಗಿ ಅಂದಾಜು ಪತ್ರಿಕೆ, ಖರ್ಚಿನ ತಖ್ತೆ ನೋಡಿದವನು ನಾನು. ವಿಜ್ಞಾನಿಯಲ್ಲ. ಆದರೂ ಲೆಕ್ಕದ ಕಡೆಯಿಂದ ಈ ವಿಷಯ ನೋಡಬಹುದೆಂದು ಈ ಸಂಚಿಕೆಗೆ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ

2025-26ರ ಕೇಂದ್ರ ಮುಂಗಡಪತ್ರದಲ್ಲಿ ಬಾಹ್ಯಾಕಾಶ ಇಲಾಖೆಗೆ ಇಟ್ಟ ಹಣ ಸುಮಾರು 13,416 ಕೋಟಿ ರೂಪಾಯಿ. ಕೇಳಲು ದೊಡ್ಡ ಮೊತ್ತ. ಆದರೆ ಅದೇ ವರ್ಷದ ಕೇಂದ್ರದ ಒಟ್ಟು ಖರ್ಚಿನ ಅಂದಾಜು 50 ಲಕ್ಷ ಕೋಟಿಗೂ ಹೆಚ್ಚು. ಭಾಗಿಸಿ ನೋಡಿದರೆ ಕೇಂದ್ರ ಸರಕಾರ ನೂರು ರೂಪಾಯಿ ಖರ್ಚು ಮಾಡುವಾಗ ಬಾಹ್ಯಾಕಾಶಕ್ಕೆ ಹೋಗುವುದು ಸುಮಾರು 26 ಪೈಸೆ. ದೇಶದ ಜನಸಂಖ್ಯೆ 140 ಕೋಟಿ ಎಂದು ಹಿಡಿದರೆ ತಲೆಗೆ ವರ್ಷಕ್ಕೆ 96 ರೂಪಾಯಿ.

ಇನ್ನೊಂದು ಸಂಗತಿ. 2020-21ರಲ್ಲಿ ಇದೇ ಇಲಾಖೆಗೆ ಮೊದಲು ಇಟ್ಟಿದ್ದು 13,479 ಕೋಟಿ. ಕೊರೋನಾ ಬಂದ ಕಾರಣ ಪರಿಷ್ಕೃತ ಅಂದಾಜಿನಲ್ಲಿ ಅದು 9,500 ಕೋಟಿಗೆ ಇಳಿಯಿತು. 2023-24ರಲ್ಲಿ ಇಟ್ಟಿದ್ದು ಸುಮಾರು 12,544 ಕೋಟಿ, ಪರಿಷ್ಕೃತದಲ್ಲಿ 11,070 ಕೋಟಿ. ಅಂದರೆ ಐದು ವರ್ಷಗಳಲ್ಲಿ ಎಲ್ಲದರ ಬೆಲೆ ಏರಿದರೂ ಈ ಇಲಾಖೆಗೆ ಇಡುವ ಹಣ ನಿಂತಲ್ಲೇ ನಿಂತಿದೆ. ಇಟ್ಟಿದ್ದು ಪೂರ್ತಿ ಖರ್ಚಾಗದೆ ಉಳಿದ ವರ್ಷಗಳೂ ಇವೆ. ಹಣ ನೀರಿನಂತೆ ಹರಿಯುತ್ತಿದೆ ಎಂಬ ಮಾತಿಗೆ ಕಾಗದದಲ್ಲಿ ಆಧಾರವಿಲ್ಲ.

ಆದರೆ ಯೋಜನೆಗಳ ವೆಚ್ಚ ಮಾತ್ರ ಏರಿದೆ. ಭಾರತೀಯರನ್ನು ನಮ್ಮದೇ ರಾಕೆಟ್ಟಿನಲ್ಲಿ ಕಳಿಸುವ ಗಗನಯಾನವನ್ನು 2018ರ ಆಗಸ್ಟ್ 15ರಂದು ಘೋಷಿಸಿದಾಗ 2022ಕ್ಕೆ ಆಗುತ್ತದೆ ಎಂದರು. ಮಂಜೂರಾದ ಹಣ 9,023 ಕೋಟಿ. ಆ ವರ್ಷ ಬಂತು, ಹೋಯಿತು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಇದಕ್ಕೆ ಇನ್ನೂ 11,170 ಕೋಟಿ ಸೇರಿಸಿ ಒಟ್ಟು 20,193 ಕೋಟಿ ಮಾಡಿತು. ಕೇಳಿದವರು "ಎರಡು ಪಟ್ಟಿಗಿಂತ ಹೆಚ್ಚು" ಎಂದು ಹುಬ್ಬೇರಿಸಿದರು. ಇಲ್ಲಿ ಕಾಗದ ಪೂರ್ತಿ ಓದಬೇಕು. ಹೊಸ ಮಂಜೂರಾತಿಯಲ್ಲಿ ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಭಾಗವೂ ಸೇರಿದೆ, ಹಾರಾಟಗಳ ಸಂಖ್ಯೆಯೂ ಹೆಚ್ಚಿದೆ. ಒಂದು ಕೋಣೆಯ ಮನೆಗೆ ಮಾಡಿದ ಅಂದಾಜಿಗೆ ಪಡಸಾಲೆ, ಮಾಳಿಗೆ ಸೇರಿಸಿದರೆ ಮೊತ್ತ ಬೇರೆಯಾಗುತ್ತದೆ. ಅದನ್ನು ಬರೀ ಲೂಟಿ ಎನ್ನುವುದು ತಪ್ಪು. ಹಾಗೆಯೇ ಮೊದಲ ಕೋಣೆಯೇ ತಡವಾಗಿದೆ ಎಂಬುದನ್ನು ಮುಚ್ಚುವುದೂ ತಪ್ಪು.

ಬಾಡಿಗೆ ಉಪಗ್ರಹದ ಒಂದು ವರ್ಷ

"ಹಳ್ಳಿಗೆ ಇದರಿಂದ ಏನು ಬಂತು?" ಎಂದು ಕೇಳುವವರಿಗೆ ನನ್ನದೊಂದು ನೆನಪು ಹೇಳುತ್ತೇನೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ, ಅಮೆರಿಕದ ನಾಸಾದ ಎಟಿಎಸ್-6 ಉಪಗ್ರಹವನ್ನು ಕೇಳಿ ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ತೋರಿಸಿತು. ಅದಕ್ಕೆ ಸೈಟ್ ಎಂದು ಹೆಸರು. ಕರ್ನಾಟಕದಲ್ಲಿ ಆರಿಸಿದ್ದು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು. ನಮ್ಮ ತಾಲ್ಲೂಕಿನ ಸೀಮೆ ದಾಟಿದರೆ ಬಿಜಾಪುರ ಜಿಲ್ಲೆ. ನನ್ನ ಸೋದರಮಾವನ ಊರು ಅಲ್ಲಿ.

ಆಗ ನನಗೆ ಹದಿನೈದು. ಜತ್ತದಲ್ಲಿ ಟಿವಿ ಎಂಬುದನ್ನು ಯಾರೂ ಕಂಡಿರಲಿಲ್ಲ. ಮಾವನ ಊರಿನ ಶಾಲೆಯ ಹತ್ತಿರ ಕೋಳಿಗೂಡಿನ ಜಾಲರಿಯಂಥ ತಂತಿಯಿಂದ ಮಾಡಿದ ದೊಡ್ಡ ಛತ್ರಿ ಆಕಾಶಕ್ಕೆ ಮುಖ ಮಾಡಿ ನಿಂತಿತ್ತು. ಬೆಳಿಗ್ಗೆ ಮಕ್ಕಳ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯದ ಮಾತು. ಎಲ್ಲವೂ ಕನ್ನಡದಲ್ಲಿ. ಹೆಣ್ಣುಮಕ್ಕಳು ಸೆರಗು ಹೊದ್ದು ಒಂದು ಕಡೆ, ಗಂಡಸರು ಒಂದು ಕಡೆ ನೆಲದ ಮೇಲೆ ಕುಳಿತು ನೋಡುತ್ತಿದ್ದರು. ನಮ್ಮ ಕಡೆ ಸಾಲಿಯಲ್ಲಿ ಕನ್ನಡ ಪುಸ್ತಕಕ್ಕೆ ಪರದಾಡುವ ಕಾಲದಲ್ಲಿ ಆಕಾಶದಿಂದ ಕನ್ನಡ ಬರುತ್ತಿತ್ತು!

ಒಂದು ವರ್ಷ ಮುಗಿಯಿತು. ಅಮೆರಿಕದವರು ತಮ್ಮ ಉಪಗ್ರಹವನ್ನು ತಿರುಗಿಸಿಕೊಂಡರು. ಮುಂದಿನ ರಜೆಗೆ ಹೋದಾಗ ಛತ್ರಿ ಅಲ್ಲೇ ಇತ್ತು, ಪೆಟ್ಟಿಗೆಗೆ ಬಟ್ಟೆ ಹೊದಿಸಿದ್ದರು. ಮಾವ ಅಂದದ್ದು ಇಷ್ಟೇ: "ಎರವಿನ ಎತ್ತು, ಮಾಲಕ ಬಂದ, ಹೊಡಕೊಂಡ ಹೋದ."

ನಮ್ಮದೇ ಉಪಗ್ರಹ, ನಮ್ಮದೇ ರಾಕೆಟ್ ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ಸರಳ ಉತ್ತರ ನನಗೆ ಗೊತ್ತಿಲ್ಲ. ಮುಂದೆಯೂ ಇದೇ ಪಾಠ ಸಿಕ್ಕಿತು. ಭಾರವಾದ ಉಪಗ್ರಹ ಎತ್ತಲು ಬೇಕಾದ ಕ್ರಯೋಜೆನಿಕ್ ಎಂಜಿನ್ನಿಗಾಗಿ 1991ರಲ್ಲಿ ರಷ್ಯಾದ ಗ್ಲಾವ್‌ಕಾಸ್ಮೋಸ್ ಜೊತೆ ಕರಾರಾಯಿತು. 1992ರಲ್ಲಿ ಅಮೆರಿಕ ನಿರ್ಬಂಧ ಹಾಕಿತು. 1993ರಲ್ಲಿ ರಷ್ಯಾ ಎಂಜಿನ್ ಮಾತ್ರ ಕೊಡುತ್ತೇವೆ, ಮಾಡುವ ವಿದ್ಯೆ ಕೊಡುವುದಿಲ್ಲ ಎಂದಿತು. ನಾವೇ ಮಾಡಿದ ಎಂಜಿನ್ನಿನ ಮೊದಲ ಹಾರಾಟ 2010ರ ಏಪ್ರಿಲ್ 15ರಂದು ಸೋತಿತು. ಅದೇ ವರ್ಷ ಡಿಸೆಂಬರ್ 25ರಂದು ರಷ್ಯಾದ ಎಂಜಿನ್ ಇದ್ದ ಜಿಎಸ್‌ಎಲ್‌ವಿಯೂ ಬಿತ್ತು. ಗೆಲುವು ಬಂದದ್ದು 2014ರ ಜನವರಿ 5ರಂದು. ಕರಾರು ಮುರಿದ ಮೇಲೆ ಇಪ್ಪತ್ತು ವರ್ಷ ಕಾಯಬೇಕಾಯಿತು. ನಡುವೆ ಯಾರಾದರೂ "ಸಾಕು, ನಿಲ್ಲಿಸಿ" ಎಂದಿದ್ದರೆ 2023ರ ಆಗಸ್ಟ್ 23ರ ಸಂಜೆ ನಾವೆಲ್ಲ ಚಂದ್ರಯಾನ-3 ಇಳಿದದ್ದನ್ನು ನೋಡುತ್ತಿರಲಿಲ್ಲ.

ಸೋಲನ್ನು ಒಪ್ಪಿಕೊಂಡ ಹಿರಿಯರು

1979ರ ಆಗಸ್ಟ್ 10ರಂದು ನಮ್ಮ ಮೊದಲ ಉಪಗ್ರಹ ವಾಹಕ ಎಸ್‌ಎಲ್‌ವಿ-3 ಬಂಗಾಳ ಕೊಲ್ಲಿಗೆ ಬಿತ್ತು. ಆಗ ಇಸ್ರೋ ಅಧ್ಯಕ್ಷರು ಸತೀಶ್ ಧವನ್. ಯೋಜನೆಯ ನಿರ್ದೇಶಕರು ಅಬ್ದುಲ್ ಕಲಾಂ. ಪತ್ರಕರ್ತರ ಮುಂದೆ ಧವನ್ ಅವರೇ ಕುಳಿತು ಸೋಲಿನ ಹೊಣೆ ಹೊತ್ತರು. ಮರುವರ್ಷ ಜುಲೈ 18ರಂದು ಗೆದ್ದಾಗ ಕಲಾಂ ಅವರನ್ನು ಮುಂದೆ ಕಳಿಸಿದರು. ಕಲಾಂ ಇದನ್ನು ಜೀವನದುದ್ದಕ್ಕೂ ಹೇಳುತ್ತಿದ್ದರು.

ಅದಕ್ಕಿಂತ ಕಠಿಣವಾದ ಕಾಲ ಬಂದದ್ದು ನಮ್ಮ ಉಡುಪಿ ಹತ್ತಿರದ ಅದಮಾರಿನ ಯು.ಆರ್. ರಾವ್ ಅವರಿಗೆ. ಅವರು ಅಧ್ಯಕ್ಷರಾಗಿದ್ದಾಗ ಎಎಸ್‌ಎಲ್‌ವಿ 1987ರ ಮಾರ್ಚ್ 24ರಂದು ಬಿತ್ತು, 1988ರ ಜುಲೈ 13ರಂದು ಮತ್ತೆ ಬಿತ್ತು. ಸಾಲಾಗಿ ಎರಡು ಸೋಲು. ಬಡ ದೇಶಕ್ಕೆ ಈ ಆಟ ಬೇಕೇ ಎಂದು ಕೇಳದವರಿಲ್ಲ. ರಾವ್ ಅವರು ಮನೆಯೊಳಗಿನವರಿಂದ ಮಾತ್ರ ತನಿಖೆ ಮಾಡಿಸಲಿಲ್ಲ. ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರಂಥ ಹೊರಗಿನ ತಜ್ಞರ ಕೈಗೂ ಕಾಗದ ಕೊಟ್ಟರು. ಪಕ್ಕದ ರಾಕೆಟ್ಟುಗಳು ಉರಿದು ಮುಗಿಯುವ ಹೊತ್ತಿಗೂ ನಡುವಿನದು ಹೊತ್ತಿಕೊಳ್ಳುವ ಹೊತ್ತಿಗೂ ಹೊಂದಿಕೆಯಾಗದೆ, ಆ ಕ್ಷಣದಲ್ಲಿ ವಾಹನಕ್ಕೆ ಹಿಡಿತ ತಪ್ಪುತ್ತಿತ್ತು. ಅದನ್ನು ತಿದ್ದಿ 1992ರ ಮೇ 20ರಂದು ಹಾರಿಸಿದರು, ಗೆದ್ದರು. ಮುಂದೆ ಪಿಎಸ್‌ಎಲ್‌ವಿ ಇಷ್ಟು ವರ್ಷ ನೆಚ್ಚಿಗೆಯ ಎತ್ತಾಗಿ ದುಡಿದದ್ದು ಇಂಥ ಪಾಠಗಳಿಂದ.

ಈ ಸಂಪ್ರದಾಯ ಮೊನ್ನೆಮೊನ್ನೆಯವರೆಗೆ ಇತ್ತು. 2021ರ ಆಗಸ್ಟಿನಲ್ಲಿ ಜಿಎಸ್‌ಎಲ್‌ವಿ-ಎಫ್10 ಸೋತಾಗ, 2022ರ ಆಗಸ್ಟಿನಲ್ಲಿ ಎಸ್‌ಎಸ್‌ಎಲ್‌ವಿಯ ಮೊದಲ ಹಾರಾಟ ಸೋತಾಗ, ಕಾರಣವೇನೆಂದು ಇಸ್ರೋ ಸಾರಾಂಶ ಪ್ರಕಟಿಸಿತು. ಎಸ್‌ಎಸ್‌ಎಲ್‌ವಿ ಆರು ತಿಂಗಳಲ್ಲಿ ಗೆದ್ದಿತು.

ಈ ಸಲ ಏನು ಬೇರೆ?

2025ರ ಮೇ 18ರಂದು ಪಿಎಸ್‌ಎಲ್‌ವಿ-ಸಿ61 ಸೋತಿತು. ಅದರಲ್ಲಿದ್ದದ್ದು ಇಒಎಸ್-09, ಮೋಡದ ಮರೆಯಲ್ಲೂ ನೆಲವನ್ನು ನೋಡಬಲ್ಲ ರಾಡಾರ್ ಉಪಗ್ರಹ. ತೊಂದರೆ ಬಂದದ್ದು ಮೂರನೇ ಹಂತದಲ್ಲಿ. ತನಿಖಾ ಸಮಿತಿ ಕುಳಿತಿತು, ವರದಿ ಮೇಲಿನವರಿಗೆ ಹೋಯಿತು ಎಂದು ಪತ್ರಿಕೆಗಳಲ್ಲಿ ಬಂತು. ಆದರೆ ಹಿಂದಿನಂತೆ ಜನರ ಮುಂದೆ ಬರಲಿಲ್ಲ. ಎಂಟು ತಿಂಗಳ ನಂತರ ಸಿ62 ಹಾರಿತು. ಮತ್ತೆ ಮೂರನೇ ಹಂತದಲ್ಲೇ ತೊಂದರೆ.

ಎರಡೂ ಸೋಲಿನ ಕಾರಣ ಒಂದೇ ಎಂದು ನಾನು ಹೇಳುತ್ತಿಲ್ಲ. ಅದನ್ನು ಹೇಳಬೇಕಾದವರು ತಜ್ಞರು. ಆದರೆ ಮೊದಲ ವರದಿ ಹೊರಬಂದಿದ್ದರೆ ಇಂದು ನಮ್ಮ ದ್ರಾಕ್ಷಿ ತೋಟದ ತರುಣನಿಗೆ ಹೇಳಲು ನನ್ನ ಬಳಿ ಒಂದು ಉತ್ತರವಿರುತ್ತಿತ್ತು.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ಬಹಳ ವರ್ಷದ ಹಿಂದೆ ನಾನಿದ್ದ ಕಚೇರಿಗೆ ಒಂದು ಸಣ್ಣ ಬಾಂದಾರದ ಫೈಲು ಬಂದಿತ್ತು. ಹಳ್ಳಕ್ಕೆ ಕಟ್ಟಿದ ಒಡ್ಡು ಮೊದಲ ದೊಡ್ಡ ಮಳೆಗೆ ಕೊಚ್ಚಿಹೋಯಿತು. "ನೈಸರ್ಗಿಕ ಆಪತ್ತು" ಎಂದು ಷರಾ ಬರೆದು ಮುಚ್ಚಲು ಹೇಳಿದರು. ಬರೆದವನು ನಾನೇ. ಮಳೆ ಅಂಥ ಜೋರಿನದಲ್ಲ ಎಂದು ಊರಿನವರು ಅರ್ಜಿ ಕೊಟ್ಟಿದ್ದರು, ಅದನ್ನು ಫೈಲಿನ ಕೆಳಗೆ ಸೇರಿಸಿದೆ. ಎರಡು ವರ್ಷಕ್ಕೆ ಅದೇ ಜಾಗದಲ್ಲಿ, ಅದೇ ನಕಾಶೆಯಲ್ಲಿ ಮತ್ತೆ ಕಟ್ಟಿದರು. ಅದೂ ಹೋಯಿತು. ಈ ಸಲ ಕೆಳಗಿನ ಹೊಲಗಳ ಮಣ್ಣನ್ನೂ ಹೊತ್ತುಕೊಂಡು ಹೋಯಿತು. ಆ ಹೊಲದವರ ಮುಖ ನೋಡಲು ನನಗೆ ಇಂದಿಗೂ ಸಂಕೋಚ. ಮೊದಲನೇ ಸಲ ಕೆಟ್ಟದ್ದು ಒಡ್ಡು. ಎರಡನೇ ಸಲ ಕೆಟ್ಟದ್ದು ಫೈಲು.

ಇದೇ ಕಣ್ಣಿನಿಂದ ನ್ಯಾವಿಕ್ ನೋಡಿ. ಜಿಪಿಎಸ್ ಮಾದರಿಯ ನಮ್ಮದೇ ದಿಕ್ಸೂಚಿ ವ್ಯವಸ್ಥೆ. 2006ರಲ್ಲಿ 1,420 ಕೋಟಿಗೆ ಮಂಜೂರಾಯಿತು. ಏಳು ಉಪಗ್ರಹ ಬೇಕಾದ ವ್ಯವಸ್ಥೆಗೆ ಇದುವರೆಗೆ 11 ಉಪಗ್ರಹ ಹಾರಿಸಿದ್ದಾರೆ. ಹೊರಗಿನಿಂದ ತಂದ ಪರಮಾಣು ಗಡಿಯಾರಗಳು ಕೆಲವು ಉಪಗ್ರಹಗಳಲ್ಲಿ ನಿಂತುಹೋದವು. 2017ರಲ್ಲಿ ಒಂದು ಉಪಗ್ರಹ ರಾಕೆಟ್ಟಿನ ಮುಚ್ಚಳ ಕಳಚದೆ ಒಳಗೇ ಸಿಕ್ಕಿಕೊಂಡಿತು. 2025ರ ಜನವರಿ 29ರಂದು, ಶ್ರೀಹರಿಕೋಟಾದ ನೂರನೇ ಉಡಾವಣೆಯಲ್ಲಿ, ರಾಕೆಟ್ ಸರಿಯಾಗಿ ಹಾರಿತು, ಆದರೆ ಉಪಗ್ರಹದ ಕವಾಟ ತೆರೆಯದೆ ಅದು ಕಕ್ಷೆ ಬದಲಿಸಲಾಗಲಿಲ್ಲ. 2025ರ ಜುಲೈನಲ್ಲಿ ಸರಕಾರ ಸಂಸತ್ತಿಗೆ ಹೇಳಿದ ಪ್ರಕಾರ ಸ್ಥಾನ ತಿಳಿಸುವ ಸೇವೆ ಕೊಡುತ್ತಿದ್ದುದು ನಾಲ್ಕೇ ಉಪಗ್ರಹ. ಸ್ಥಾನ ಗುರುತಿಸಲು ಕನಿಷ್ಠ ನಾಲ್ಕು ಬೇಕು. ಅಂದರೆ ಒಂದು ಹೋದರೆ ಸೇವೆಗೆ ಸಂಚಕಾರ. ಹಣ ಕೊಟ್ಟದ್ದು ಹೆಚ್ಚಾಯಿತೆಂದು ಯಾರಾದರೂ ಕೂಗಿದರೆ ನಾನು ಒಪ್ಪುವುದಿಲ್ಲ. ಇಷ್ಟು ಹಣ ಕೊಟ್ಟೂ ಯಾಕೆ ಹೀಗಾಯಿತು ಎಂದು ಕೇಳಿದರೆ ಅವರ ಪಕ್ಕದಲ್ಲಿ ನಿಲ್ಲುತ್ತೇನೆ.

ಅಮೆರಿಕದಲ್ಲೂ ಇದೇ ಜಗಳ

ಇದು ಬಡ ದೇಶದ ಕೊರಗು ಮಾತ್ರ ಎಂದು ತಿಳಿಯಬೇಡಿ. 1969ರ ಜುಲೈನಲ್ಲಿ ಅಪೊಲೊ-11 ಚಂದ್ರನಿಗೆ ಹೊರಡುವ ಹಿಂದಿನ ದಿನ, ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಗಾತಿ ರಾಲ್ಫ್ ಅಬರ್ನಾಥಿ ಬಡ ಕರಿಯ ಕುಟುಂಬಗಳನ್ನು, ಹೇಸರಗತ್ತೆಯ ಬಂಡಿಗಳನ್ನು ಕರೆದುಕೊಂಡು ಉಡಾವಣಾ ಕೇಂದ್ರಕ್ಕೆ ಹೋಗಿ ಹಸಿವಿನ ಪ್ರಶ್ನೆ ಕೇಳಿದರು. ನಾಸಾದ ಮುಖ್ಯಸ್ಥ ಥಾಮಸ್ ಪೇನ್ ಹೊರಗೆ ಬಂದು ಅವರೊಡನೆ ಮಾತಾಡಿದರು, ಉಡಾವಣೆ ನೋಡಲು ಆಹ್ವಾನಿಸಿದರು. ಪ್ರಶ್ನೆ ಕೇಳಿದವರನ್ನು ದೇಶದ್ರೋಹಿ ಎನ್ನಲಿಲ್ಲ.

ಈಗ ಚಂದ್ರನಿಗೆ ಮತ್ತೆ ಹೋಗುವ ಅವರ ಆರ್ಟೆಮಿಸ್ ಯೋಜನೆಗೆ 2025ರವರೆಗೆ 9,300 ಕೋಟಿ ಡಾಲರ್ ಆಗುತ್ತದೆಂದು ನಾಸಾದ ಲೆಕ್ಕ ತಪಾಸಣೆಯ ಮಹಾನಿರೀಕ್ಷಕರೇ ಹೇಳಿದರು. ಮೊದಲ ನಾಲ್ಕು ಹಾರಾಟಗಳಿಗೆ ತಲಾ 410 ಕೋಟಿ ಡಾಲರ್, ಇದು ಹೀಗೆ ನಡೆಯಲಾರದು ಎಂದು 2022ರಲ್ಲಿ ಅವರ ಸಂಸತ್ತಿನ ಮುಂದೆ ಸಾಕ್ಷಿ ನುಡಿದರು. 2025ರಲ್ಲಿ ಅಲ್ಲಿನ ಅಧ್ಯಕ್ಷರ ಕಚೇರಿ ನಾಸಾದ ಹಣದಲ್ಲಿ ಸುಮಾರು ಕಾಲು ಭಾಗ ಕಡಿಮೆ ಮಾಡಲು ಹೊರಟಿತು, ಅದರಲ್ಲೂ ವಿಜ್ಞಾನದ ಪಾಲನ್ನು ಅರ್ಧದಷ್ಟು. ಅವರ ಕಾಂಗ್ರೆಸ್ ಬಹುಪಾಲು ಒಪ್ಪಲಿಲ್ಲ. ಅಲ್ಲಿ ಯಾರು ಸರಿ ಎಂಬುದು ಬೇರೆ ಮಾತು. ಅಂಕಿಗಳು ಬೆಳಕಿನಲ್ಲಿ ಇದ್ದುದರಿಂದ ಜಗಳ ಅಂಕಿಗಳ ಮೇಲೆ ನಡೆಯಿತು. ಅಂಕಿ, ವರದಿ ಕತ್ತಲಲ್ಲಿದ್ದರೆ ಜಗಳ ಅಭಿಮಾನದ ಮೇಲೆ ನಡೆಯುತ್ತದೆ. ಗೆದ್ದಾಗ ಎಲ್ಲ ಪಕ್ಷದವರೂ ಶಾಲು ಹೊದೆಯಲು ಮುಂದೆ, ಸೋತಾಗ ವಿಜ್ಞಾನಿಗಳು ಒಬ್ಬರೇ.

ಇನ್ನು ನಮ್ಮ ನೀರಿನ ಮಾತು

ತರುಣನ ಪ್ರಶ್ನೆಗೆ ಮರಳುತ್ತೇನೆ. 2022ರ ಕೊನೆಯಲ್ಲಿ ಜತ್ತದ ನಲವತ್ತು ಹಳ್ಳಿಗಳ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂದದ್ದು ನಿಮಗೆ ನೆನಪಿದೆ. ಗಡಿ ವಾದಕ್ಕೆ ನಾನಿಲ್ಲಿ ಹೋಗುವುದಿಲ್ಲ. ಆಗ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ನಮ್ಮ ತಿಕ್ಕುಂಡಿ ಕೆರೆಗೆ ಹರಿದು ಬಂದಾಗ ಜನ ಪೂಜೆ ಮಾಡಿದರು. ಮಹಾರಾಷ್ಟ್ರ ಸರಕಾರವೂ ವಿಸ್ತರಿತ ಮ್ಹೈಸಾಳ ಯೋಜನೆಗೆ ಸುಮಾರು 2,000 ಕೋಟಿಯ ಮಾತಾಡಿತು. ಹಣ ಇತ್ತು, ಅಲ್ಲವೇ? ಇಲ್ಲದ್ದು ಒತ್ತಡ. ಒತ್ತಡ ಬಂದ ವಾರವೇ ಹಣವೂ ಬಂತು.

ಮ್ಹೈಸಾಳದ ಚರಿತ್ರೆಯೇ ನೋಡಿ. ಕೃಷ್ಣಾ ನೀರನ್ನು ಎತ್ತಿ ಬರದ ತಾಲ್ಲೂಕುಗಳಿಗೆ ಕೊಡುವ ಈ ಯೋಜನೆ 1980ರ ದಶಕದಲ್ಲಿ ನೂರು ಕೋಟಿಯೊಳಗಿನ ಅಂದಾಜಿನಿಂದ ಹೊರಟಿತು. ಇಂದು ಸಾವಿರಾರು ಕೋಟಿಯಲ್ಲಿದೆ, ನಮ್ಮ ಪೂರ್ವ ಭಾಗದ ಹಳ್ಳಿಗಳು ಇನ್ನೂ ಆಕಾಶ ನೋಡುತ್ತಿವೆ. ಗಗನಯಾನದ ವೆಚ್ಚ ಎರಡು ಪಟ್ಟಾದರೆ ದೇಶವೆಲ್ಲ ಚರ್ಚೆ. ನಮ್ಮ ಕಾಲುವೆಯ ವೆಚ್ಚ ಎಷ್ಟು ಪಟ್ಟಾಯಿತೆಂದು ಕೇಳುವವರು ನಾವೇ, ಕೇಳಿಸಿಕೊಳ್ಳುವವರಿಲ್ಲ. ರಾಕೆಟ್ ನಿಲ್ಲಿಸಿದರೆ ಆ ಹಣ ಉಮದಿಗೋ ಸಂಖಕ್ಕೋ ಹರಿದು ಬರುವುದಿಲ್ಲ. ಅದು ಬೇರೆ ತಿಜೋರಿ, ಬೇರೆ ಬೀಗ.

ಹಾಗೆಂದು ಆಕಾಶದ ಕೆಲಸ ನಮಗೆ ಸಂಬಂಧವಿಲ್ಲದ್ದಲ್ಲ. ದ್ರಾಕ್ಷಿ ಕಟಾವಿನ ದಿನಗಳಲ್ಲಿ, ಮಣೂಕ ಒಣಗಿಸುವಾಗ ಅಕಾಲ ಮಳೆ ಬರುತ್ತದೋ ಎಂದು ಅದೇ ತರುಣ ಮೊಬೈಲಿನಲ್ಲಿ ನೋಡುವ ಮೋಡದ ಚಿತ್ರ ಇನ್ಸಾಟ್ ಉಪಗ್ರಹದ್ದು. 2024ರ ಫೆಬ್ರವರಿ 17ರಂದು ಹಾರಿದ ಇನ್ಸಾಟ್-3ಡಿಎಸ್ ಇರುವುದೇ ಅದಕ್ಕೆ. 2025ರ ಜುಲೈ 30ರಂದು ನಾಸಾ ಜೊತೆ ಸೇರಿ ಹಾರಿಸಿದ ನಿಸಾರ್ ಮಣ್ಣಿನ ತೇವವನ್ನೂ ಅಳೆಯಬಲ್ಲದು. ಬರದ ತಾಲ್ಲೂಕಿಗೆ ಇದಕ್ಕಿಂತ ಹತ್ತಿರದ ವಿಷಯ ಯಾವುದು? ಆದರೆ ಆ ಅಳತೆ ತಹಸೀಲದಾರ ಕಚೇರಿಯ ಬರ ಘೋಷಣೆಯ ಕಾಗದದವರೆಗೆ ಇಳಿಯಬೇಕು. ಹಿಂದೆ 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಹಾರಿಸಿದರು. ಉಪಗ್ರಹ ಮೇಲೆ ತಿರುಗುತ್ತಿತ್ತು, ನೆಲದ ಮೇಲಿನ ಜಾಲ ತಡವಾಯಿತು, ಬಳಕೆ ಕಡಿಮೆಯಾಯಿತು ಎಂದು ಮಹಾಲೇಖಪಾಲರು ಮುಂದೆ ಆಕ್ಷೇಪ ಬರೆದರು. ಪಂಪ್‌ಹೌಸ್ ಎದ್ದು ನಿಂತು ಕಾಲುವೆ ತೋಡದಿದ್ದರೆ ಹೇಗೋ ಹಾಗೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. "ರಾಕೆಟ್ಟಿಗೆ ರೊಕ್ಕ ಯಾಕೆ?" ಎಂದು ಕೇಳುವುದನ್ನು ಬಿಟ್ಟು ಮೂರು ಪ್ರಶ್ನೆ ಕೇಳೋಣ. ಸೋತದ್ದು ಯಾಕೆ, ವರದಿ ಎಲ್ಲಿ? ತಡವಾದ ಯೋಜನೆಯ ಹೊಸ ತಾರೀಖು ಯಾವ ಆಧಾರದ ಮೇಲೆ? ಮೇಲಿನ ಉಪಗ್ರಹದ ಫಲ ನಮ್ಮ ಹೊಲದವರೆಗೆ ಬಂತೇ? ಇದೇ ಮೂರು ಪ್ರಶ್ನೆಗಳನ್ನು ಮ್ಹೈಸಾಳದ ಬಗ್ಗೆಯೂ ಕೇಳೋಣ. ಆಕಾಶಕ್ಕೆ ಒಂದು ನ್ಯಾಯ, ಕಾಲುವೆಗೆ ಒಂದು ನ್ಯಾಯ ಬೇಡ.

ಫೆಬ್ರವರಿ 28, ಶನಿವಾರ ರಾಷ್ಟ್ರೀಯ ವಿಜ್ಞಾನ ದಿನ. ಅಂದು ಸಂಜೆ 5ಕ್ಕೆ ಸಂಘದ ಕೋಣೆಯಲ್ಲಿ ಇದೇ ವಿಷಯದ ಮೇಲೆ ಚರ್ಚೆ ಇಟ್ಟುಕೊಂಡಿದ್ದೇವೆ. ನಮ್ಮ ದ್ರಾಕ್ಷಿ ತೋಟದ ತರುಣನೇ ಮೊದಲು ಮಾತಾಡುತ್ತಾನೆ, ಒಪ್ಪಿಕೊಂಡಿದ್ದಾನೆ. ಕನ್ನಡ ಶಾಲೆಗಳ ಮಾಸ್ತರರು ಎಂಟು, ಒಂಬತ್ತನೇ ಇಯತ್ತೆಯ ಮಕ್ಕಳನ್ನು ಕರೆತರಬೇಕಾಗಿ ವಿನಂತಿ. 1975ರಲ್ಲಿ ಬಿಜಾಪುರದ ಕಡೆ ಆ ಜಾಲರಿ ಛತ್ರಿಯ ಟಿವಿ ನೋಡಿದ ಹಿರಿಯರು ನಿಮ್ಮೂರಲ್ಲಿ ಇದ್ದರೆ ಅವರನ್ನೂ ಕರೆದುಕೊಂಡು ಬನ್ನಿ. ಮಕ್ಕಳು ಅವರ ಬಾಯಿಂದಲೇ ಕೇಳಲಿ. ಚಹಾ, ಚುರಮುರಿ ವ್ಯವಸ್ಥೆ ಇದೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಜತ್ತ